ಶೋಥಮ್, ರಮೇಶ್

ರಾಕ್ ಡ್ರಮ್ಮರ್ ಆಗಿ ವೃತ್ತಿ ಆರಂಭಿಸಿ, ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತದ ಲಯ ಕಲಿತು, ಯುರೋಪಿನ ಜಾಜ್ ವೇದಿಕೆಗಳಲ್ಲಿ ಹೆಸರು ಮಾಡಿದ ತಾಳವಾದ್ಯಗಾರ. ಹುಟ್ಟಿದ್ದು 1948ರಲ್ಲಿ, ಮದರಾಸಿನಲ್ಲಿ. ಡ್ರಮ್ ಸೆಟ್ ಅಲ್ಲದೆ ತವಿಲ್, ಘಟ, ಕಂಜೀರ, ಮೋರ್ಚಿಂಗ್‌ಗಳನ್ನೂ ನುಡಿಸುತ್ತಾರೆ.

ಲಭ್ಯ ಬರಹಗಳಲ್ಲಿ ಇವರ ಬದುಕು ಎರಡು ತುಂಡಾಗಿ ಬಿದ್ದಿದೆ. ಭಾರತದ ರಾಕ್ ಬ್ಯಾಂಡುಗಳ ಕಥೆ ಹೇಳುವವರು ಎಪ್ಪತ್ತರ ದಶಕಕ್ಕೇ ಇವರನ್ನು ಬಿಟ್ಟುಬಿಡುತ್ತಾರೆ. ಯುರೋಪಿನ ಜಾಜ್ ಬರಹಗಳು ಎಂಬತ್ತರ ದಶಕದಿಂದ ಎತ್ತಿಕೊಳ್ಳುತ್ತವೆ. ಹೆಸರಿನ ಕಾಗುಣಿತವೂ ಬದಲಾಗಿದೆ: ಬ್ಯಾಂಡಿನ ಕಾಲದಲ್ಲಿ ಶೊಟ್ಟಮ್, ಯುರೋಪಿನ ಧ್ವನಿಮುದ್ರಿಕೆಗಳ ಮೇಲೆ ಶೋಥಮ್. ಎರಡನ್ನೂ ಬೆಸೆಯುವ ಬೆಂಗಳೂರಿನ ಕಲಿಕೆಗೆ ಸಿಕ್ಕಿರುವುದು ಹೆಚ್ಚೆಂದರೆ ಒಂದು ಸಾಲು.

ತಮ್ಮ ಸಹೋದರ ಸುರೇಶ್ ಜೊತೆ ಕಟ್ಟಿದ ಹ್ಯೂಮನ್ ಬಾಂಡೇಜ್, 1970ರ ದಶಕದ ಮೊದಲರ್ಧದಲ್ಲಿ ದೇಶದ ಪ್ರಮುಖ ರಾಕ್ ಬ್ಯಾಂಡುಗಳಲ್ಲಿ ಒಂದು. ಮುಂದೆ ಜಾಜ್ ಗಾಯಕಿಯಾಗಿ ಹೆಸರಾದ ಬೆಂಗಳೂರಿನ ರಾಧಾ ಥಾಮಸ್ ಹಾಡಿದ್ದು ಇದರಲ್ಲೇ. ಆ ಕಾಲದ ಭಾರತೀಯ ಬ್ಯಾಂಡುಗಳ ದನಿ ಉಳಿದಿರುವುದು ಮುಖ್ಯವಾಗಿ 1970 ಮತ್ತು 1971ರ ಸಿಮ್ಲಾ ಬೀಟ್ ಸ್ಪರ್ಧೆಯ ಲಾಂಗ್‌ಪ್ಲೇಗಳಲ್ಲಿ. ಅವುಗಳಲ್ಲಿ ಹ್ಯೂಮನ್ ಬಾಂಡೇಜ್ ಇಲ್ಲ. ಹೀಗಾಗಿ ಬ್ಯಾಂಡಿನ ಖ್ಯಾತಿ ಬಹುಪಾಲು ಕೇಳಿದವರ ನೆನಪಿನ ಮೇಲೆ ನಿಂತಿದೆ. ನೆನಪುಗಳನ್ನು ದಾಖಲೆಯೆಂದು ಒಪ್ಪುವಾಗ ಎಚ್ಚರ ಬೇಕು.

ಶೋಥಮ್ ಬಳಿಕ ಸೇರಿದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಆರಂಭಿಸಿದ ಶಾಲೆ ಇದು. ಅಲ್ಲಿ ಶೋಥಮ್ ಹಿಡಿದ ವಾದ್ಯ ತವಿಲ್. ಊರುಗಳಲ್ಲಿ ಮದುವೆ, ಜಾತ್ರೆಯ ಓಲಗ ಕೇಳಿದವರಿಗೆ ಇದು ಪರಿಚಿತವೇ; ನಾದಸ್ವರದ ಪಕ್ಕದಲ್ಲಿ ಮೊಳಗುವ ಡೋಲು ಇದರ ಬಳಗದ್ದು. ಹಲಸಿನ ಮರ ಕೊರೆದು ಮಾಡಿದ ಒಡಲು, ಎಡಕ್ಕೆ ಗಿಡ್ಡ ಕೋಲು, ಬಲಕ್ಕೆ ಗಟ್ಟಿ ಟೊಪ್ಪಿಗೆ ತೊಟ್ಟ ಬೆರಳುಗಳು. ಬಯಲಿನಲ್ಲಿ ನುಡಿಸಲೆಂದೇ ಬೆಳೆದ ಈ ಚರ್ಮವಾದ್ಯ ಮೃದಂಗದಂತೆ ಮೆಲುದನಿಯದಲ್ಲ. ಆಂಪ್ಲಿಫೈಯರುಗಳ ನಡುವೆ ಕೋಲು ಹಿಡಿದು ಬಾರಿಸಿ ಬಂದ ಕೈಗೆ ಅದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಲಯದ ಲೆಕ್ಕವನ್ನು ಮೊದಲಿಂದ ಕಲಿಯಬೇಕಿತ್ತು. ರಾಕ್ ಡ್ರಮ್ಮರ್ ನಾಲ್ಕು ಎಣಿಕೆಯಲ್ಲಿ ಎರಡು ಮತ್ತು ನಾಲ್ಕನೆಯದಕ್ಕೆ ಒತ್ತು ಕೊಟ್ಟು ಹಾಡನ್ನು ಹೊರುತ್ತಾನೆ. ಕರ್ನಾಟಕ ಪದ್ಧತಿಯಲ್ಲಿ ಪಾಠ ಬಾಯಿಂದ ಶುರು: ಸೊಲ್ಲುಗಳನ್ನು ಕೈತಾಳದ ಮೇಲೆ ಒಪ್ಪಿಸಿದ ಮೇಲೆಯೇ ವಾದ್ಯ. ಐದರ ಖಂಡ, ಏಳರ ಮಿಶ್ರ ನಡೆಗಳು ಇಲ್ಲಿ ದಿನದ ಅಭ್ಯಾಸ. ಶೋಥಮ್ ವೃತ್ತಿಯ ನಿಜವಾದ ತಿರುವು ಬ್ಯಾಂಡು ಬಿಟ್ಟದ್ದೂ ಅಲ್ಲ, ದೇಶ ಬಿಟ್ಟದ್ದೂ ಅಲ್ಲ, ಈ ಪಾಠವೇ. ಮುಂದೆ ಯುರೋಪಿನವರು ಅವರನ್ನು ಕರೆದದ್ದು ಇದಕ್ಕಾಗಿಯೇ.

ಒಂದು ವಿಷಯ ಸ್ಪಷ್ಟಪಡಿಸಬೇಕು. ಕಾಲೇಜಿನ ಹೆಸರೇ ಅದರ ವಾದ್ಯವೃಂದಕ್ಕೂ ಇದೆ. ಬಸ್ಸಿನಲ್ಲಿ ಭಾರತದವರೆಗೆ ಬಂದು ಹೋದ ಮ್ಯೂನಿಕ್‌ನ ಎಂಬ್ರಿಯೊ ಬ್ಯಾಂಡು ಈ ವೃಂದದೊಡನೆ 'ಲೈಫ್' ಎಂಬ ಧ್ವನಿಮುದ್ರಿಕೆ ತಂದಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗಿನ 'ಜ್ಯೋತಿ'ಯನ್ನು 1983ರಲ್ಲಿ ಇಸಿಎಂ ಕಂಪನಿ ಹೊರತಂದಿತು. ಶೋಥಮ್ ಅದೇ ಶಾಲೆಯವರಾದ್ದರಿಂದ 'ಜ್ಯೋತಿ'ಯನ್ನೂ ಅವರ ಲೆಕ್ಕಕ್ಕೆ ಬರೆಯುವಂತಿಲ್ಲ. ಅದರಲ್ಲಿ ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಮಣಿಯವರದು, ಘಟ ಆರ್.ಎ. ರಾಜಗೋಪಾಲ್ ಅವರದು, ಕಂಜೀರ ಟಿ.ಎನ್. ಶಶಿಕುಮಾರ್ ಅವರದು.

ಶೋಥಮ್ ಮತ್ತು ಮರಿಯಾನೊ ಒಟ್ಟಿಗೆ ನುಡಿಸಿದ್ದಕ್ಕೆ ಸ್ಪಷ್ಟ ದಾಖಲೆ ಲೆಬನಾನಿನ ಊದ್ ವಾದಕ ರಬೀಹ್ ಅಬು-ಖಲೀಲ್ ಅವರ ಧ್ವನಿಮುದ್ರಿಕೆಗಳಲ್ಲಿದೆ: 1987ರ 'ಬಿಟ್ವೀನ್ ಡಸ್ಕ್ ಅಂಡ್ ಡಾನ್', ಮತ್ತು ಟ್ರಂಪೆಟ್ ವಾದಕ ಕೆನ್ನಿ ವ್ಹೀಲರ್, ಬಾಸ್ ವಾದಕ ಸ್ಟೀವ್ ಸ್ವಾಲೊ ಕೂಡ ಇರುವ 'ಬ್ಲೂ ಕ್ಯಾಮೆಲ್'. ಸಮವಲ್ಲದ ಎಣಿಕೆಗಳಲ್ಲೇ ಕಟ್ಟಿದ ಅಬು-ಖಲೀಲ್ ಸಂಗೀತದಲ್ಲಿ ಬೆಂಗಳೂರಿನ ಪಾಠ ನೇರವಾಗಿ ಕೇಳಿಸುತ್ತದೆ. ಸ್ವಂತವಾಗಿ ಕಟ್ಟಿದ ಮದ್ರಾಸ್ ಸ್ಪೆಷಲ್ ತಂಡವೂ ಸೇರಿ ನಂತರದ ಕೆಲಸ ವಿಪುಲವಾಗಿದೆ, ಚೆನ್ನಾಗಿ ದಾಖಲಾಗಿಯೂ ಇದೆ.

ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಶೋಥಮ್ ನೆಲೆಸಿದ್ದು ಜರ್ಮನಿಯ ಕೊಲೋನ್ ನಗರದಲ್ಲಿ.