ಅಂಧಬಾಲಕರ ಪ್ರೌಢಜೀವನವೂ ಗದಗಿನ ಪುಣ್ಯಾಶ್ರಮವೂ

ಕಣ್ಣಿಲ್ಲದ ಬಾಲಕನನ್ನು ಕಂಡು ಮರುಗುವವರು ಎಲ್ಲ ಊರುಗಳಲ್ಲಿಯೂ ಇರುವರು. ಅವನು ಎಳೆಯನಾಗಿರುವ ವರೆಗೆ ತಾಯಿಯ ಮಡಿಲು ಅವನನ್ನು ಕಾಯುವದು, ನೆರೆಹೊರೆಯವರು ತುತ್ತು ನೀಡುವರು. ಆದರೆ ಅವನಿಗೆ ಮೀಸೆ ಮೂಡಿ, ತಾಯಿತಂದೆಗಳು ಮುಪ್ಪಡಸಿದ ಬಳಿಕ ಅವನ ಗತಿಯೇನು? ಕಾಯಕವೇ ಶಿವಪೂಜೆಯೆಂದು ನಂಬಿದ ಸಮಾಜದಲ್ಲಿ ಕಾಯಕಹೀನನಾಗಿ ಕುಳಿತುಣ್ಣುವದು ಅವನಿಗೆ ಹಸಿವಿಗಿಂತಲೂ ಕಠಿಣವಾದ ದುಃಖವು. ಈ ಪ್ರಶ್ನೆಗೆ ನಮ್ಮ ನಾಡಿನ ಮಠಪರಂಪರೆಯು ಕೊಟ್ಟ ಉತ್ತರವನ್ನು ಈ ಮಹೋತ್ಸವದ ಸಂದರ್ಭದಲ್ಲಿ ಸದ್ಭಕ್ತರು ಸ್ಮರಿಸುವದು ಉಚಿತವಾಗಿದೆ.

ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು (೧೮೬೭–೧೯೩೦) ಸನ್ ೧೯೦೪ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರೆಂಬುದು ಸರ್ವವಿದಿತವಷ್ಟೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ, ಗುರುಬಸಯ್ಯರೆಂಬ ಅಂಧ ಸಹೋದರರ ಕಂಠಮಾಧುರ್ಯವನ್ನು ಮನಗಂಡು, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡವರೂ ಈ ಮಹಾತ್ಮರೇ. ಅನ್ನವಸ್ತ್ರಗಳನ್ನಿತ್ತು ಸುಮ್ಮನಾಗದೆ, ಸಂಗೀತವಿದ್ಯೆಯನ್ನು ಕಲಿಸುವ ವ್ಯವಸ್ಥೆಯನ್ನೂ ಮಾಡಿದರು. ೧೮೯೨ರಲ್ಲಿ ಜನಿಸಿದ ಆ ಗದಿಗೆಯ್ಯನೇ ಕರ್ನಾಟಕ, ಹಿಂದುಸ್ತಾನಿ ಎಂಬ ಉಭಯ ಪದ್ಧತಿಗಳಲ್ಲಿ ಪಾರಂಗತರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಗವಾಯಿಗಳು ತಮಗೆ ದೊರೆತ ವಿದ್ಯೆಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಮುಂದೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ನೆಲೆ ದೊರೆತು, ಅದು ವೀರೇಶ್ವರ ಪುಣ್ಯಾಶ್ರಮವೆಂದು ವಿಖ್ಯಾತವಾಯಿತು. ಇಲ್ಲಿಯ ಶಿಕ್ಷಣಕ್ರಮವು ವಿಚಾರಾರ್ಹವಾದುದು. ರಾಗವು ಕಿವಿಯಿಂದಲೂ, ಹಾರ್ಮೋನಿಯಂ ತಬಲಾಗಳು ಬೆರಳಿನಿಂದಲೂ ವಶವಾಗತಕ್ಕವು. ಕಣ್ಣಿನ ಕೊರತೆಯು ಅವುಗಳಿಗೆ ಅಡ್ಡಿಯಾಗದು. ಅದಲ್ಲದೆ ಶ್ರಾವಣಮಾಸದ ಪುರಾಣಪ್ರವಚನಕ್ಕೆ ಗವಾಯಿಯು ಬೇಕು, ಕೀರ್ತನೆಗೆ ತಬಲಾ ಬೇಕು, ನಾಟಕ ಕಂಪನಿಗೆ ಪೇಟಿಯ ಮಾಸ್ತರನು ಬೇಕು. ಹೀಗೆ ನಾಡಿನಲ್ಲಿ ಬೇಡಿಕೆಯಿದ್ದ ವಿದ್ಯೆಯನ್ನು ಕಲಿತುದರಿಂದಲೇ ತರುಣನು ಆಶ್ರಮದ ಹೊರಗೂ ತನ್ನ ಕಾಲ ಮೇಲೆ ನಿಲ್ಲುವಂತಾಯಿತು. ಬಸವರಾಜ ರಾಜಗುರುಗಳಂಥ ಕಣ್ಣುಳ್ಳ ಶಿಷ್ಯರೂ ಗವಾಯಿಗಳಲ್ಲಿ ಕಲಿತರು. ಕಣ್ಣುಳ್ಳವರಿಗೆ ಅಂಧರು ಗುರುಗಳಾದ ಮೇಲೆ ಕನಿಕರದ ಸ್ಥಳದಲ್ಲಿ ಗೌರವವು ನೆಲೆಗೊಂಡಿತು.

೧೯೪೪ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ೧೯೧೪ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರಿಗೆ ಆಗ ೩೦ ವರ್ಷ. ನಾಟಕಗಳನ್ನು ರಚಿಸಿ, ಆಡಿಸಿ, ಅದರ ಉತ್ಪನ್ನದಿಂದ ಮಕ್ಕಳನ್ನು ಸಲಹಿದರು. ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಇವರಿಗೆ ಸಂದಿತು. ಅದೇ ವರ್ಷದ ಸೆಪ್ಟೆಂಬರ ೧೭ರಂದು ಲಿಂಗೈಕ್ಯರಾದರು. ಆಶ್ರಯ ಬೇಡಿ ಬಂದ ಬಾಲಕನು ಆಶ್ರಯದಾತನಾಗಿ ಬೆಳೆದುದೇ ಈ ಇತಿಹಾಸದ ಸಾರವು.

೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೬ರಿಂದ ೧೮ ವರ್ಷದ ವರೆಗಿನ ಅಂಗವಿಕಲ ಮಕ್ಕಳಿಗೆ ಉಚಿತ ಶಿಕ್ಷಣವನ್ನೂ, ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ ೪ರಷ್ಟು ಮೀಸಲಾತಿಯನ್ನೂ ವಿಧಿಸಿದೆ. ಇದು ಸ್ತುತ್ಯವೇ ಸರಿ. ಆದರೆ ಹುದ್ದೆಗಳು ಎಲ್ಲರಿಗೂ ದೊರೆಯಲಾರವು. ಶಾಲೆಯು ಮುಗಿದು ಕಾಯಕವು ದೊರೆಯುವ ವರೆಗಿನ ವರ್ಷಗಳಲ್ಲಿ ತರುಣನ ಕೈ ಹಿಡಿಯುವವರು ಬೇಕು.

ಎಲ್ಲ ಅಂಧರೂ ಗಾಯಕರಾಗಲಾರರು. ಎಲ್ಲ ಅಂಗವಿಕಲರೂ ಅಂಧರಲ್ಲ. ಆದುದರಿಂದ ಗದಗಿನ ಆಶ್ರಮದಿಂದ ನಾವು ಕಲಿಯತಕ್ಕದ್ದು ಅಲ್ಲಿಯ ಕ್ರಮವನ್ನು: ಬಾಲ್ಯದಲ್ಲಿಯೇ ಅವನ ಶಕ್ತಿಯನ್ನು ಗುರುತಿಸುವದು, ತಕ್ಕ ಗುರುವನ್ನು ಒದಗಿಸುವದು, ನಾಡಿಗೆ ಬೇಕಾದ ಕೆಲಸವನ್ನು ಕಲಿಸುವದು, ಕಲಿತ ಬಳಿಕ ಹೊಣೆಯನ್ನು ಒಪ್ಪಿಸುವದು. ಈ ಕೊನೆಯದೇ ಅತಿ ಕಠಿಣವಾದುದು. ಯಾಕಂದರೆ ಅನ್ನವಿಕ್ಕುವ ಕೈಗೆ ಅಧಿಕಾರವನ್ನು ಬಿಟ್ಟುಕೊಡುವದು ಸುಲಭವಲ್ಲ. ನಮ್ಮ ಮಠದ ದಾಸೋಹದಲ್ಲಿ ಉಣ್ಣುವ ಇಂಥ ಮಕ್ಕಳು ನಾಳೆ ತಾವೇ ದಾಸೋಹಿಗಳಾಗುವಂತೆ ಶ್ರೀಗುರುವಿನ ಕೃಪೆಯೂ ಸದ್ಭಕ್ತರ ಪ್ರಯತ್ನವೂ ಕೂಡಿಬರಲಿ.