ಹಳೆಯ ಸ್ಕ್ಯಾನರ್, ಹೊಸ ಕಂಪ್ಯೂಟರ್: ಒಂದು ಹೊಂದಾಣಿಕೆಯ ಚರಿತ್ರೆ

ಫ್ಲಾಟ್‌ಬೆಡ್ ಸ್ಕ್ಯಾನರ್ ದೀರ್ಘಕಾಲ ಬಾಳುವ ಯಂತ್ರ. ಮೇಲೊಂದು ಗಾಜಿನ ಹಲಗೆ, ಅದರಡಿ ದೀಪ, ಕನ್ನಡಿ, ಮಸೂರ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕ, ಇವನ್ನು ಹೊತ್ತ ಗಾಡಿಯನ್ನು ಎಳೆಯುವ ಬೆಲ್ಟು, ಒಂದು ಪುಟ್ಟ ಮೋಟರು: ಒಳಗಿರುವುದು ಹೆಚ್ಚುಕಡಿಮೆ ಇಷ್ಟೇ. ದೂಳು ತೇವ ತಾಗದಂತೆ ನೋಡಿಕೊಂಡರೆ ಇಪ್ಪತ್ತು ವರ್ಷ ಕೆಲಸ ಮಾಡಬಲ್ಲದು. ಅದಕ್ಕೆ ಜೊತೆಯಾದ ಕಂಪ್ಯೂಟರ್ ಮಾತ್ರ ಅಷ್ಟು ಕಾಲ ಉಳಿಯುವುದಿಲ್ಲ. ಹೊಸ ಕಂಪ್ಯೂಟರ್ ಬಂದ ದಿನ, ಯಾವ ಭಾಗವೂ ಕೆಡದ ಸ್ಕ್ಯಾನರ್ ಮೂಲೆ ಸೇರುತ್ತದೆ. ಇದಕ್ಕೆ ಕಾರಣಗಳು ಮೂರು. ತಂತಿ ಹೊಂದುವುದಿಲ್ಲ, ಸ್ಕ್ಯಾನರನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಒಗ್ಗುವುದಿಲ್ಲ, ಇಲ್ಲವೇ ಸ್ಕ್ಯಾನರ್‌ಗೆ ಕೊಡಬೇಕಾದ ಆಜ್ಞೆಗಳು ತಯಾರಕರ ಹೊರತು ಯಾರಿಗೂ ಗೊತ್ತಿರುವುದಿಲ್ಲ. ಈ ಮೂರನ್ನೂ ದಾಟಲು ಬಳಕೆದಾರರೂ ಪ್ರೋಗ್ರಾಮರ್‌ಗಳೂ ನಡೆಸಿದ ಪ್ರಯತ್ನಗಳಿಗೆ ಮೂರು ದಶಕಗಳ ಇತಿಹಾಸವಿದೆ.

ಆರಂಭದಲ್ಲಿ ಈ ತೊಡಕೇ ಇರಲಿಲ್ಲ. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸಲ್ ಕಿರ್ಷ್ ಮತ್ತು ಸಂಗಡಿಗರು ತಿರುಗುವ ಉರುಳೆಯ ಸ್ಕ್ಯಾನರ್ ಒಂದನ್ನು ರೂಪಿಸಿ, ಕಿರ್ಷ್ ಅವರ ಮೂರು ತಿಂಗಳ ಮಗುವಿನ ಫೋಟೊವನ್ನು ಸೀಯಾಕ್ ಎಂಬ ಕಂಪ್ಯೂಟರ್‌ಗೆ ಊಡಿದರು. ಆ ಚಿತ್ರದ ಗಾತ್ರ 176 ಸಾಲು, ಸಾಲಿಗೆ 176 ಚುಕ್ಕೆ. ಆ ಸ್ಕ್ಯಾನರ್ ಅದೊಂದೇ ಕಂಪ್ಯೂಟರ್‌ಗಾಗಿ ಹುಟ್ಟಿದ್ದು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದ ಸಿಸಿಡಿ ಸಂವೇದಕ ಸ್ಕ್ಯಾನರನ್ನು ಮೇಜಿನ ಮೇಲಕ್ಕೆ ತಂದಿತು. 1976ರಲ್ಲಿ ಪ್ರಕಟವಾದ, ಅಂಧರಿಗಾಗಿ ಪುಸ್ತಕ ಓದಿ ಹೇಳುವ ರೇ ಕರ್ಜ್‌ವೈಲ್ ಅವರ ಯಂತ್ರದಲ್ಲಿ ಇಂಥ ಫ್ಲಾಟ್‌ಬೆಡ್ ಸ್ಕ್ಯಾನರ್ ಇತ್ತು. 1987ರಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನ ಸ್ಕ್ಯಾನ್‌ಜೆಟ್ ಬಂದ ಮೇಲೆ ಡಿಟಿಪಿ ಕೇಂದ್ರಗಳಿಗೂ ಕಚೇರಿಗಳಿಗೂ ಸ್ಕ್ಯಾನರ್ ಪ್ರವೇಶಿಸಿತು. ಒಬ್ಬರು ತಯಾರಿಸಿದ ಸ್ಕ್ಯಾನರ್ ಇನ್ನೊಬ್ಬರು ತಯಾರಿಸಿದ ಕಂಪ್ಯೂಟರ್ ಜೊತೆ ಮಾತಾಡಬೇಕಾದದ್ದು ಆಗಿನಿಂದ.

ಮೊದಲ ತೊಡಕು ತಂತಿಯದು. ಆರಂಭದ ಸ್ಕ್ಯಾನರ್‌ಗಳ ಪೆಟ್ಟಿಗೆಯಲ್ಲೇ ಒಂದು ಕಾರ್ಡ್ ಬರುತ್ತಿತ್ತು. ಕಂಪ್ಯೂಟರ್ ಬಿಚ್ಚಿ ಅದನ್ನು ಐಎಸ್‌ಎ ಸ್ಲಾಟಿಗೆ ಕೂರಿಸಬೇಕಿತ್ತು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾದ ಸ್ಕಸಿ ಈ ಕಾರ್ಡುಗಳಿಗೆ ಒಂದು ಸಮಾನ ನೆಲೆ ಒದಗಿಸಿತು. ಅದೇ ವರ್ಷದ ಮ್ಯಾಕಿಂಟಾಷ್ ಪ್ಲಸ್‌ನಲ್ಲಿ ಸ್ಕಸಿ ಪೋರ್ಟ್ ಹುಟ್ಟಿನಿಂದಲೇ ಇತ್ತು. ಸ್ಕಸಿ ಸರಪಳಿಯಲ್ಲಿ ಪ್ರತಿ ಸಾಧನಕ್ಕೂ 0ರಿಂದ 7ರವರೆಗಿನ ಒಂದು ಸಂಖ್ಯೆ ಬೇಕು. 7 ಸಾಮಾನ್ಯವಾಗಿ ಕಾರ್ಡಿಗೇ ಮೀಸಲು, ಉಳಿದುದರಲ್ಲಿ ಒಂದನ್ನು ಸ್ಕ್ಯಾನರ್‌ನ ಹಿಂಬದಿಯ ಪುಟ್ಟ ಸ್ವಿಚ್ಚಿನಲ್ಲಿ ಆರಿಸಬೇಕು. ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬಿದ್ದರೆ ಸರಪಳಿಯೇ ಕೈಕೊಡುತ್ತದೆ. ಸರಪಳಿಯ ಎರಡೂ ತುದಿಗೆ ಟರ್ಮಿನೇಟರ್ ಹಾಕಬೇಕು. ಕಂಪ್ಯೂಟರ್ ಶುರುವಾಗುವಾಗಲೇ ಕಾರ್ಡ್ ತನ್ನ ಸಾಧನಗಳನ್ನು ಎಣಿಸಿಕೊಳ್ಳುವುದರಿಂದ ಸ್ಕ್ಯಾನರನ್ನು ಮೊದಲು ಆನ್ ಮಾಡುವುದು ವಾಡಿಕೆಯಾಯಿತು. 2000ದ ಹೊತ್ತಿಗೆ ಐಎಸ್‌ಎ ಸ್ಲಾಟುಗಳು ಮದರ್‌ಬೋರ್ಡಿನಿಂದ ಮಾಯವಾದಾಗ, ಪೆಟ್ಟಿಗೆಯೊಡನೆ ಬಂದಿದ್ದ ಕಾರ್ಡುಗಳು ನಿರುಪಯುಕ್ತವಾದವು. ಪಿಸಿಐ ಸ್ಲಾಟಿನ ಸ್ಕಸಿ ಕಾರ್ಡ್ ಕೊಂಡವರ ಸ್ಕ್ಯಾನರ್‌ಗಳು ಇನ್ನೂ ಕೆಲವು ವರ್ಷ ಓಡಿದವು. ಸ್ಕಸಿಯನ್ನು ಯುಎಸ್‌ಬಿಗೆ ಬದಲಿಸುವ ಕೇಬಲ್‌ಗಳೂ ಮಾರುಕಟ್ಟೆಗೆ ಬಂದವು, ಆದರೆ ಅವುಗಳಿಗೂ ತಮ್ಮದೇ ಡ್ರೈವರ್ ಬೇಕಿತ್ತು. ಹೊಸ ವಿಂಡೋಸ್ ಬಂದಾಗ ಆ ಡ್ರೈವರ್‌ಗಳೂ ಹಿಂದೆ ಬಿದ್ದವು.

ಕಡಿಮೆ ಬೆಲೆಯ ಸ್ಕ್ಯಾನರ್‌ಗಳು ಹಿಡಿದದ್ದು ಪ್ರಿಂಟರ್‌ನ ಪ್ಯಾರಲಲ್ ಪೋರ್ಟಿನ ದಾರಿ. ತೈವಾನಿನ ಯೂಮ್ಯಾಕ್ಸ್, ಮಸ್ಟೆಕ್ ಮುಂತಾದ ಕಂಪನಿಗಳ ಇಂಥ ಮಾದರಿಗಳು 1990ರ ದಶಕದ ದ್ವಿತೀಯಾರ್ಧದಲ್ಲಿ ಬಹಳ ಪ್ರಚಲಿತವಾಗಿದ್ದವು. ಕಂಪ್ಯೂಟರ್‌ನ ತಂತಿ ಸ್ಕ್ಯಾನರ್‌ಗೆ, ಅಲ್ಲಿಂದ ಇನ್ನೊಂದು ತಂತಿ ಪ್ರಿಂಟರ್‌ಗೆ ಹೋಗುತ್ತಿತ್ತು. ಬಯಾಸ್‌ನಲ್ಲಿ ಪೋರ್ಟನ್ನು ಇಪಿಪಿ ಸ್ಥಿತಿಗೆ ಹೊಂದಿಸದಿದ್ದರೆ ಸ್ಕ್ಯಾನರ್ ತೆವಳುತ್ತಿತ್ತು, ಇಲ್ಲವೇ ಕಾಣಿಸುತ್ತಲೇ ಇರಲಿಲ್ಲ. ಇಂಥ ಸ್ಕ್ಯಾನರನ್ನು ಇಂದಿನ ಕಂಪ್ಯೂಟರ್‌ಗೆ ಜೋಡಿಸಲು ಯುಎಸ್‌ಬಿ-ಪ್ಯಾರಲಲ್ ಕೇಬಲ್ ಕೊಳ್ಳುವವರಿಗೆ ನಿರಾಶೆ ಕಟ್ಟಿಟ್ಟದ್ದು. ಆ ಕೇಬಲ್ ಪ್ರಿಂಟರ್‌ಗೆ ಮಾಹಿತಿ ದಾಟಿಸುವಷ್ಟನ್ನೇ ಬಲ್ಲದು, ಸ್ಕ್ಯಾನರ್ ಡ್ರೈವರ್ ಬಯಸುವ ನಿಜವಾದ ಪೋರ್ಟ್ ಅದರಲ್ಲಿಲ್ಲ.

1996ರ ಯುಎಸ್‌ಬಿ ತಂತಿಯ ತೊಡಕನ್ನು ಬಹುಮಟ್ಟಿಗೆ ಬಗೆಹರಿಸಿತು. 1998ರಲ್ಲಿ ಯುಎಸ್‌ಬಿಗೆ ಚೆನ್ನಾಗಿ ಒಗ್ಗುವ ವಿಂಡೋಸ್ 98 ಬಂತು. ಅದೇ ವರ್ಷ ಸ್ಕಸಿಯನ್ನು ಕೈಬಿಟ್ಟು ಯುಎಸ್‌ಬಿ ಹಿಡಿದ ಐಮ್ಯಾಕ್ ಕೂಡ ಹೊರಬಂತು. ಸ್ಕ್ಯಾನರ್ ತಯಾರಕರು ಬೇಗನೆ ಯುಎಸ್‌ಬಿಗೆ ಹೊರಳಿದರು. ಆ ಕಾಲದ ಯುಎಸ್‌ಬಿ ಸ್ಕ್ಯಾನರನ್ನು ಇಂದಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೂ ಅದರ ತಯಾರಕ ಸಂಖ್ಯೆ, ಮಾದರಿ ಸಂಖ್ಯೆ ಕಂಪ್ಯೂಟರ್‌ಗೆ ತಿಳಿಯುತ್ತವೆ. ಆದರೂ ಸ್ಕ್ಯಾನ್ ಆಗುವುದಿಲ್ಲ. ತೊಡಕು ತಂತಿಯಿಂದ ಡ್ರೈವರ್‌ಗೆ ವರ್ಗವಾಗಿತ್ತು.

ಡ್ರೈವರ್ ವಿಷಯದಲ್ಲಿ 1992ರ ಟ್ವೇನ್ ಮಾನಕ ಒಂದು ಮೈಲಿಗಲ್ಲು. ಆಲ್ಡಸ್, ಕೇರ್, ಈಸ್ಟ್‌ಮನ್ ಕೊಡಾಕ್, ಹ್ಯೂಲೆಟ್ ಪ್ಯಾಕರ್ಡ್, ಲಾಜಿಟೆಕ್ ಕಂಪನಿಗಳು ಸೇರಿ ರೂಪಿಸಿದ ಇದರಿಂದ ಒಂದೇ ಡ್ರೈವರ್ ಮೂಲಕ ಫೋಟೊಶಾಪ್, ಪೇಜ್‌ಮೇಕರ್‌ನಂಥ ಯಾವ ಪ್ರೋಗ್ರಾಮಿನಿಂದಲೂ ಸ್ಕ್ಯಾನ್ ಮಾಡುವುದು ಸಾಧ್ಯವಾಯಿತು. ಆದರೆ ಟ್ವೇನ್ ನಿಗದಿಪಡಿಸಿದ್ದು ಪ್ರೋಗ್ರಾಮ್ ಮತ್ತು ಡ್ರೈವರ್ ನಡುವಿನ ಮಾತುಕತೆಯನ್ನು ಮಾತ್ರ. ಡ್ರೈವರ್ ಮತ್ತು ಸ್ಕ್ಯಾನರ್ ನಡುವಿನದು ಆಯಾ ಕಂಪನಿಯ ಗುಟ್ಟಾಗಿಯೇ ಉಳಿಯಿತು. ಆದ್ದರಿಂದ ಆಪರೇಟಿಂಗ್ ಸಿಸ್ಟಮ್ ಬದಲಾದಾಗಲೆಲ್ಲ ಹೊಸ ಡ್ರೈವರ್‌ಗಾಗಿ ತಯಾರಕರತ್ತ ನೋಡಬೇಕಾಯಿತು, ಮಾರಾಟ ನಿಂತ ಮಾದರಿಗೆ ಡ್ರೈವರ್ ಬರೆಯುವ ಲಾಭ ಅವರಿಗಿರಲಿಲ್ಲ.

ಬದಲಾವಣೆಗಳೂ ಒಂದರ ಹಿಂದೊಂದು ಬಂದವು. ವಿಂಡೋಸ್ 98ರ ಡ್ರೈವರ್‌ಗಳಲ್ಲಿ ಹಲವು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಡೆಯಲಿಲ್ಲ. ಸ್ಕಸಿ ಸ್ಕ್ಯಾನರ್‌ಗಳ ತಂತ್ರಾಂಶ ಹುಡುಕುತ್ತಿದ್ದ ಆಸ್ಪಿ ಎಂಬ ಪದರ ಎಕ್ಸ್‌ಪಿಯಲ್ಲಿ ಇರಲಿಲ್ಲ, ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ದೊಡ್ಡ ಪೆಟ್ಟು ಕೊಟ್ಟದ್ದು 64-ಬಿಟ್ ಯುಗ. 64-ಬಿಟ್ ವಿಂಡೋಸ್‌ನ ತಿರುಳಾದ ಕರ್ನಲ್ 32-ಬಿಟ್ ಡ್ರೈವರನ್ನು ಒಳಗೆ ಬಿಡುವುದೇ ಇಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ಅಲ್ಲಿ ಕರ್ನಲ್ ಡ್ರೈವರ್‌ಗೆ ಡಿಜಿಟಲ್ ಸಹಿಯೂ ಕಡ್ಡಾಯ. 32-ಬಿಟ್ ಟ್ವೇನ್ ಡ್ರೈವರ್ ಉಳಿದುಕೊಂಡಿದ್ದರೂ ಅದನ್ನು 32-ಬಿಟ್ ಪ್ರೋಗ್ರಾಮ್ ಮಾತ್ರ ಕರೆಯಬಲ್ಲದು. ಮ್ಯಾಕ್‌ನಲ್ಲಿ 2006ರಿಂದ ಪವರ್‌ಪಿಸಿ ಬದಲು ಇಂಟೆಲ್ ಚಿಪ್ ಬಂತು, 2011ರಲ್ಲಿ ಹಳೆಯ ಪವರ್‌ಪಿಸಿ ಪ್ರೋಗ್ರಾಮುಗಳಿಗೆ ಆಸರೆಯಾಗಿದ್ದ ರೊಸೆಟ್ಟಾ ಹೋಯಿತು, 2019ರ ಕ್ಯಾಟಲಿನಾದಲ್ಲಿ 32-ಬಿಟ್ ಪ್ರೋಗ್ರಾಮುಗಳೇ ನಿಂತವು.

ಇಷ್ಟಾದರೂ ಎಲ್ಲ ಹಳೆಯ ಸ್ಕ್ಯಾನರ್‌ಗಳಿಗೂ ಒಂದೇ ಗತಿ ಬರಲಿಲ್ಲ. ಆಜ್ಞೆಗಳ ಭಾಷೆ ಬಹಿರಂಗವಾಗಿದ್ದವು ಉಳಿದವು. ಹ್ಯೂಲೆಟ್ ಪ್ಯಾಕರ್ಡ್‌ನ ಸ್ಕ್ಯಾನ್‌ಜೆಟ್‌ಗಳು ಬಳಸುತ್ತಿದ್ದ ಎಸ್‌ಸಿಎಲ್ ಭಾಷೆಗೆ ಕೈಪಿಡಿ ಇತ್ತು. ಎಸ್ಕೇಪ್ ಚಿಹ್ನೆಯಿಂದ ಶುರುವಾಗುವ ಕೆಲವೇ ಅಕ್ಷರಗಳ ನಡುವೆ 300 ಎಂದು ಬರೆದು ಕಳಿಸಿದರೆ ಅಂಗುಲಕ್ಕೆ 300 ಚುಕ್ಕೆಯಂತೆ ಓದಲು ಸ್ಕ್ಯಾನರ್ ಅಣಿಯಾಗುತ್ತದೆ. ಎಪ್ಸನ್‌ನ ಇಎಸ್‌ಸಿ/ಐ ಕೂಡ ಇಂಥದೇ ಭಾಷೆ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಈ ಬುದ್ಧಿಯನ್ನು ಯಂತ್ರದಿಂದ ತೆಗೆದು ಡ್ರೈವರ್‌ಗೆ ವಹಿಸಲಾಯಿತು. ಮೋಟರಿನ ವೇಗ, ದೀಪದ ಹೊಂದಿಕೆ, ಬಣ್ಣದ ತಿದ್ದುವಿಕೆ ಎಲ್ಲವನ್ನೂ ಕಂಪ್ಯೂಟರೇ ಲೆಕ್ಕ ಹಾಕಿ ಹೇಳಬೇಕು. ಅಗ್ಫಾದ ಸ್ನ್ಯಾಪ್‌ಸ್ಕ್ಯಾನ್ 1212ಯು ಮುಂತಾದವುಗಳ ಒಳಗೆ ಯಂತ್ರದ ಸ್ವಂತ ತಂತ್ರಾಂಶವಾದ ಫರ್ಮ್‌ವೇರ್ ಕೂಡ ಇರುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಡ್ರೈವರ್ ಅದನ್ನು ತುಂಬಬೇಕು.

ಈ ಗುಟ್ಟುಗಳನ್ನು ಬಿಡಿಸುವ ಕೆಲಸವನ್ನು ಕೈಗೆತ್ತಿಕೊಂಡದ್ದು ಲಿನಕ್ಸ್ ಬಳಗ. 1990ರ ದಶಕದ ದ್ವಿತೀಯಾರ್ಧದಲ್ಲಿ ಡೇವಿಡ್ ಮೊಸ್‌ಬರ್ಗರ್ ಮತ್ತಿತರರು ಕಟ್ಟಿದ ಸೇನ್ ಯೋಜನೆ, ಬಳಕೆದಾರರಿಗೆ ಕಾಣುವ ಭಾಗವನ್ನೂ ಸ್ಕ್ಯಾನರ್ ಜೊತೆ ವ್ಯವಹರಿಸುವ ಭಾಗವನ್ನೂ ಬೇರೆಬೇರೆ ಮಾಡಿತು. ಕೈಪಿಡಿ ಇಲ್ಲದ ಸ್ಕ್ಯಾನರ್‌ಗಳಿಗೆ ಸ್ವಯಂಸೇವಕರು ಕಂಡುಕೊಂಡ ವಿಧಾನ ತಾಳ್ಮೆಯದು. ವಿಂಡೋಸ್‌ನಲ್ಲಿ ತಯಾರಕರ ಡ್ರೈವರ್ ಓಡಿಸಿ, ಯುಎಸ್‌ಬಿ ತಂತಿಯಲ್ಲಿ ಹರಿಯುವ ಪ್ರತಿ ಬೈಟನ್ನೂ ದಾಖಲಿಸಿ, ಒಮ್ಮೆ 150, ಇನ್ನೊಮ್ಮೆ 300 ಚುಕ್ಕೆಯ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ, ಎರಡು ದಾಖಲೆಗಳಲ್ಲಿ ಬದಲಾದ ಸಂಖ್ಯೆ ಯಾವುದೆಂದು ಗುರುತಿಸುವುದು. ಒಂದೇ ಚಿಪ್ಪನ್ನು ಹಲವು ಕಂಪನಿಗಳು ಬಳಸುತ್ತಿದ್ದುದರಿಂದ ಒಂದು ಚಿಪ್ಪಿನ ಗುಟ್ಟು ಬಿಡಿಸಿದರೆ ಹತ್ತಾರು ಮಾದರಿಗಳು ಓಡುತ್ತಿದ್ದವು. ಜೆನೆಸಿಸ್ ಲಾಜಿಕ್ ಚಿಪ್ಪಿನ ಕ್ಯಾನನ್ ಲೈಡ್ ಸ್ಕ್ಯಾನರ್‌ಗಳು ಇಂದಿಗೂ ಲಿನಕ್ಸ್‌ನಲ್ಲಿ ನಡೆಯುವುದು ಹೀಗೆ. ಫರ್ಮ್‌ವೇರ್ ಮಾತ್ರ ತಯಾರಕರ ಸ್ವತ್ತಾದ್ದರಿಂದ ಅದನ್ನು ಹಳೆಯ ಸಿಡಿಯಿಂದ ಬಳಕೆದಾರರೇ ತೆಗೆದು, ಕಡತ ಎಲ್ಲಿದೆಯೆಂದು ಸೇನ್‌ಗೆ ತಿಳಿಸಬೇಕು. ವಿಂಡೋಸ್ ಮತ್ತು ಮ್ಯಾಕ್ ಬಳಕೆದಾರರಿಗೆ ಇದೇ ಬಗೆಯ ನೆರವು ನೀಡಿದ್ದು ಎಡ್ ಹ್ಯಾಮ್ರಿಕ್ 1998ರಲ್ಲಿ ಆರಂಭಿಸಿದ ವ್ಯೂಸ್ಕ್ಯಾನ್. ಬೆಲೆ ತೆತ್ತು ಕೊಳ್ಳಬೇಕಾದ ಈ ಪ್ರೋಗ್ರಾಮಿನಲ್ಲಿ ಸಾವಿರಾರು ಮಾದರಿಗಳನ್ನು ನಡೆಸುವ ವ್ಯವಸ್ಥೆಯಿದೆ.

ಹಳೆಯ ಸ್ಕ್ಯಾನರ್‌ನ ಅಗತ್ಯ ಹೆಚ್ಚು ಎದ್ದುಕಾಣುವುದು ಫಿಲ್ಮ್ ಕ್ಷೇತ್ರದಲ್ಲಿ. ಫಿಲ್ಮ್ ಸ್ಕ್ಯಾನರ್ ತಯಾರಿಸುತ್ತಿದ್ದ ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ಉದ್ಯಮದಿಂದಲೇ ಹೊರನಡೆಯಿತು, ಮುಂದೆ ನಿಕಾನ್ ಕೂಡ ಕೂಲ್‌ಸ್ಕ್ಯಾನ್ ಎಂಬ ತನ್ನ ಫಿಲ್ಮ್ ಸ್ಕ್ಯಾನರ್‌ಗಳ ತಯಾರಿಕೆ ನಿಲ್ಲಿಸಿತು. ನೆಗೆಟಿವ್‌ಗಳ ರಾಶಿ ಇಟ್ಟುಕೊಂಡ ಛಾಯಾಗ್ರಾಹಕರು ಇವನ್ನು ಬಿಡಲಿಲ್ಲ. ನಿಕಾನ್ ತಂತ್ರಾಂಶ 64-ಬಿಟ್ ವಿಂಡೋಸ್‌ಗೆ ಬರಲಿಲ್ಲವಾದ್ದರಿಂದ ಡ್ರೈವರ್‌ನ ಐಎನ್‌ಎಫ್ ಕಡತವನ್ನು ತಿದ್ದಿ, ಸಹಿ ಪರಿಶೀಲನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅದನ್ನು ಹಾಕಿಕೊಳ್ಳುವ ಪದ್ಧತಿ ಅವರಲ್ಲಿ ಬೆಳೆಯಿತು. ಇನ್ನು ಕೆಲವರು ಹಳೆಯ ವಿಂಡೋಸನ್ನು ವರ್ಚುವಲ್ ಯಂತ್ರದಲ್ಲಿ ಇರಿಸಿ ಯುಎಸ್‌ಬಿ ಸ್ಕ್ಯಾನರನ್ನು ಅದಕ್ಕೆ ಒಪ್ಪಿಸುತ್ತಾರೆ. ಎಕ್ಸ್‌ಪಿಗೆ ಭದ್ರತಾ ತಿದ್ದುಪಡಿಗಳು 2014ರಲ್ಲಿ ನಿಂತಿರುವುದರಿಂದ ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ದೂರವಿಡುವುದು ಕ್ಷೇಮ.

ಬಹಿರಂಗ ಮಾನಕದ ಬೆಲೆ ಸ್ಕ್ಯಾನ್ ಆದ ಚಿತ್ರಗಳ ವಿಷಯದಲ್ಲೂ ಕಾಣುತ್ತದೆ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಕನ್ನಡ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿತು. ಪುಟಗಳನ್ನು ಟಿಫ್ ರೂಪದಲ್ಲಿ ಉಳಿಸಿದ್ದರಿಂದ ಅವುಗಳನ್ನು ಇಂದಿನ ಯಾವ ಕಂಪ್ಯೂಟರ್‌ನಲ್ಲೂ ತೆರೆಯಬಹುದು.

ಈಚಿನ ಸ್ಕ್ಯಾನರ್‌ಗಳು ಇದೇ ಪಾಠ ಕಲಿತಿವೆ. ಇ-ಎಸ್‌ಸಿಎಲ್ ಎಂಬ ಸಮಾನ ಭಾಷೆಯನ್ನು ಬಲ್ಲ ಸ್ಕ್ಯಾನರ್‌ಗೆ ತಯಾರಕರ ಡ್ರೈವರ್ ಬೇಕಿಲ್ಲ, ವೈಫೈ ಮೂಲಕ ಫೋನಿನಿಂದಲೂ ಅದನ್ನು ನಡೆಸಬಹುದು. ಹಳೆಯ ಸ್ಕ್ಯಾನರ್‌ಗೂ ಈ ಸೌಲಭ್ಯ ಸಿಗುವ ದಾರಿಯಿದೆ. ಲಿನಕ್ಸ್ ಇರುವ ರಾಸ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್‌ಗೆ ಸೇನ್ ಬಲ್ಲ ಯುಎಸ್‌ಬಿ ಸ್ಕ್ಯಾನರನ್ನು ಜೋಡಿಸಿ, ಏರ್‌ಸೇನ್ ಎಂಬ ಮುಕ್ತ ತಂತ್ರಾಂಶ ಓಡಿಸಿದರೆ, ಮನೆಯ ಉಳಿದ ಕಂಪ್ಯೂಟರ್‌ಗಳಿಗೆ ಅದು ಇ-ಎಸ್‌ಸಿಎಲ್ ಸ್ಕ್ಯಾನರ್ ಆಗಿಯೇ ಕಾಣುತ್ತದೆ. ಡ್ರೈವರ್ ಸಿಗದೆ ಮೂಲೆ ಸೇರಿದ ಸ್ಕ್ಯಾನರನ್ನು ಎಸೆಯುವ ಮುನ್ನ ಸೇನ್ ಪ್ರಕಟಿಸಿರುವ ಮಾದರಿಗಳ ಪಟ್ಟಿಯಲ್ಲಿ ಅದರ ಹೆಸರು ಹುಡುಕುವುದು ಉಚಿತ. ಹೆಸರಿದ್ದರೆ ಹೊಸದನ್ನು ಕೊಳ್ಳುವ ಅಗತ್ಯ ಬೀಳದು.