ಬಿತ್ತನೆ ಗಡ್ಡೆಯ ದಾರಿ

ಕರ್ನಾಟಕದ ಮಣ್ಣಿನಲ್ಲಿ ಆಲೂಗಡ್ಡೆ ಮೊದಲು ಬೇರೂರಿದ್ದು ಕೈತೋಟಗಳಲ್ಲಿ. 1672ರಿಂದ 1681ರವರೆಗೆ ಭಾರತ ಮತ್ತು ಪರ್ಷಿಯಾದಲ್ಲಿ ತಿರುಗಾಡಿದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್, 1675ರ ಹೊತ್ತಿಗೆ ಸೂರತ್ತಿನಲ್ಲೂ ಕರ್ನಾಟಕದಲ್ಲೂ ಇದು ತೋಟದ ಬೆಳೆಯಾಗಿದ್ದುದನ್ನು ಬರೆದಿದ್ದಾನೆ. ಅವನು ಕಂಡದ್ದು ಸಿಹಿಗೆಣಸಾಗಿದ್ದಿರಬಹುದು ಎಂಬ ವಾದವೂ ಉಂಟು. ಆಗಿನ ಯೂರೋಪಿಯನ್ನರು ಎರಡಕ್ಕೂ ಒಂದೇ ಹೆಸರು ಬಳಸುತ್ತಿದ್ದರು. ಗಡ್ಡೆ ಬಂದ ದಾರಿಗಳು ಅದರ ಹೆಸರುಗಳಲ್ಲಿ ಇವತ್ತಿಗೂ ಉಳಿದಿವೆ. ಕರಾವಳಿಯ ಮತ್ತು ಬೆಳಗಾವಿ ಕಡೆಯ ‘ಬಟಾಟೆ’ ಪೋರ್ಚುಗೀಸರದು. ‘ಆಲೂ’ ಉತ್ತರದಿಂದ ಬಂದು ಕನ್ನಡದ ಗಡ್ಡೆಯ ಜೊತೆ ಕೂಡಿಕೊಂಡಿತು. ಬೆಂಗಳೂರು, ಕೋಲಾರದ ಕಡೆ ಕೇಳಿಬರುವ ‘ಉರುಳಗಡ್ಡೆ’ ತಮಿಳಿನ ನೆಂಟಸ್ತಿಕೆಯದು. ಮಸಾಲೆದೋಸೆಯ ಪಲ್ಯವಾಗಿ, ಪೂರಿಯ ಸಾಗುವಾಗಿ, ಬೋಂಡವಾಗಿ ನಾಡಿನ ನಾಲಿಗೆಗೆ ಇಷ್ಟು ಹತ್ತಿರವಾದ ಮೇಲೂ ಅನೇಕ ಮನೆಗಳ ಶ್ರಾದ್ಧದ ಅಡುಗೆಗೆ ಆಲೂಗಡ್ಡೆ ಸೇರುವುದಿಲ್ಲ. ಬಾಳೆಕಾಯಿ, ಹಾಗಲ, ಸುವರ್ಣಗಡ್ಡೆಗಳ ಮುಂದೆ ಅದು ಇನ್ನೂ ಹೊಸಬ.

ಈ ಬೆಳೆಯ ಇತಿಹಾಸವೆಂದರೆ ಬಹುಮಟ್ಟಿಗೆ ಅದರ ಬಿತ್ತನೆಯ ಇತಿಹಾಸ. ರಾಗಿ, ಬತ್ತಗಳಲ್ಲಿ ಕಾಳೇ ಬೀಜ; ಆಲೂಗಡ್ಡೆಯಲ್ಲಿ ಗಡ್ಡೆಯೇ ಬೀಜ. ಗಡ್ಡೆಯ ಮೈಮೇಲಿನ ಒಂದೊಂದು ಕಣ್ಣೂ ಒಂದು ಮೊಗ್ಗು. ಕಣ್ಣಿರುವ ಹೋಳನ್ನು ನೆಟ್ಟರೆ ಬರುವ ಗಿಡ ತಾಯಿಗಿಡದ ಪಡಿಯಚ್ಚು. ತಾಯಿಯ ಗುಣವೆಲ್ಲ ಬಂದಂತೆ ತಾಯಿಯ ರೋಗವೂ ಬರುತ್ತದೆ. ನಂಜುರೋಗ ತಗಲಿದ ಗಡ್ಡೆಯನ್ನು ವರ್ಷವರ್ಷವೂ ನೆಟ್ಟರೆ ಎಲೆ ಮುದುಡಿ, ಗಿಡ ಕುಳ್ಳಾಗಿ, ಗಡ್ಡೆ ಗೋಲಿಯ ಗಾತ್ರಕ್ಕೆ ಇಳಿಯುತ್ತದೆ. ಹೆಚ್ಚು ಇಳುವರಿಯ ತಳಿ ಎಂಬ ಮಾತಿಗೆ ಶುದ್ಧವಾದ ಬಿತ್ತನೆ ಗಡ್ಡೆ ಇಲ್ಲದಿದ್ದರೆ ಅರ್ಥವೇ ಇಲ್ಲ.

ಬ್ರಿಟಿಷರ ಕಾಲದಲ್ಲಿ ಬಂದ ತಳಿಗಳು ವಿಲಾಯತಿಯವು. ನೀಲಗಿರಿಯಲ್ಲಿ ‘ಗ್ರೇಟ್ ಸ್ಕಾಟ್’, ಉತ್ತರದ ಬೆಟ್ಟಗಳಲ್ಲಿ ‘ಅಪ್‌ಟುಡೇಟ್’ ನೆಲೆಯಾದವು. ನಮ್ಮ ಹವೆಗೆ ನಮ್ಮದೇ ತಳಿ ಬೇಕೆಂಬ ಕೆಲಸಕ್ಕೆ 1949ರಲ್ಲಿ ಪಟ್ನಾದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಹುಟ್ಟಿತು. 1956ರಲ್ಲಿ ಅದು ಶಿಮ್ಲಾಕ್ಕೆ ಹೋಯಿತು. ಬಯಲುಸೀಮೆಯ ಚಳಿಗಾಲದ ಕಿರಿಹಗಲಿನಲ್ಲಿ ಆಲೂಗಡ್ಡೆ ಸರಿಯಾಗಿ ಹೂಬಿಟ್ಟು ಕಾಯಿ ಕಟ್ಟುವುದಿಲ್ಲ. ಸಂಕರಕ್ಕೆ ಬೇಕಾದ ಆ ಹೂವಿಗೆ ಬೇಸಗೆಯ ಉದ್ದಹಗಲು, ಎತ್ತರದ ತಂಪು ಎರಡೂ ಬೇಕು. ಶಿಮ್ಲಾದ ಬಳಿ ಸುಮಾರು 2,500 ಮೀಟರ್ ಎತ್ತರದಲ್ಲಿರುವ ಕುಫ್ರಿ ಅದಕ್ಕೆ ಒದಗಿಬಂದ ಜಾಗ. ಅಲ್ಲಿ ಸಂಕರಗೊಂಡ ತಳಿಗಳೆಲ್ಲ ಆ ಊರಿನ ಹೆಸರು ಹೊತ್ತವು. 1968ರಲ್ಲಿ ಬಿಡುಗಡೆಯಾದ ‘ಕುಫ್ರಿ ಜ್ಯೋತಿ’ ಕರ್ನಾಟಕದ ಪಾಲಿಗೆ ಅವುಗಳಲ್ಲೆಲ್ಲ ದೊಡ್ಡದು. ಬಿಳಿ ಸಿಪ್ಪೆ, ಮೊಟ್ಟೆಯಾಕಾರ, ಮೇಲುಮೇಲಕ್ಕೇ ಇರುವ ಕಣ್ಣು, ಮೂರು ಮೂರೂವರೆ ತಿಂಗಳ ಬೆಳೆ. ಕಣ್ಣು ಆಳವಿಲ್ಲದ್ದರಿಂದ ಸಿಪ್ಪೆ ಹೆರೆಯುವಾಗ ತಿರುಳು ಹಾಳಾಗುವುದಿಲ್ಲ. ಅಡುಗೆಮನೆಗೆ ಇದು ಸಣ್ಣ ಲಾಭವಲ್ಲ.

ತಳಿ ಸಿಕ್ಕರೂ ಶುದ್ಧ ಬಿತ್ತನೆಯ ಪ್ರಶ್ನೆ ಹಾಗೇ ಇತ್ತು. ಅದನ್ನು ಬಿಡಿಸಿದವರು ಅದೇ ಸಂಸ್ಥೆಯ ಪುಷ್ಕರನಾಥ್. ನಂಜನ್ನು ಗಿಡದಿಂದ ಗಿಡಕ್ಕೆ ಹೊರುವುದು ಸಸ್ಯಹೇನು. ಉತ್ತರದ ಬಯಲಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಹೇನಿನ ಹಾವಳಿ ತೀರಾ ಕಡಿಮೆ. ಆ ಗಡುವಿನೊಳಗೆ ಬಿತ್ತನೆ ಬೆಳೆ ತೆಗೆದು, ಹೇನು ಏರುವ ಮುಂಚೆಯೇ ಗಿಡದ ಮೇಲ್ಭಾಗವನ್ನು ಕತ್ತರಿಸಿಬಿಟ್ಟರೆ ಗಡ್ಡೆ ಶುದ್ಧವಾಗಿ ಉಳಿಯುತ್ತದೆ. ‘ಸೀಡ್ ಪ್ಲಾಟ್’ ಎಂಬ ಹೆಸರಿನ ಈ ಸರಳ ಉಪಾಯ ಬೆಟ್ಟಗಳಿಗೆ ಸೀಮಿತವಾಗಿದ್ದ ಬಿತ್ತನೆ ಉತ್ಪಾದನೆಯನ್ನು ಪಂಜಾಬಿನ ಬಯಲಿಗೆ ಇಳಿಸಿತು. ಭಾರತದ ಕೃಷಿಯಲ್ಲಿ ಇದಕ್ಕೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ. ಆಲೂಗಡ್ಡೆ ಬೆಳೆಯುವ ಹಾಸನದ ರೈತನ ಬಾಯಲ್ಲಿ ಪಂಜಾಬಿನ ಜಲಂಧರ್ ಮನೆಮಾತಾದದ್ದು ಇದರ ಫಲ. ಚಳಿಗಾಲದಲ್ಲಿ ಅಲ್ಲಿ ಬೆಳೆದ ಗಡ್ಡೆ ಶೀತಲಗೃಹದಲ್ಲಿದ್ದು ಬೇಸಗೆಯಲ್ಲಿ ಲಾರಿಯೇರಿ ಹಾಸನದ ಎಪಿಎಂಸಿಗೆ ಬರುತ್ತದೆ. ನೆರಳಲ್ಲಿ ಹರಡಿ ಮೊಳಕೆ ಬರಿಸಿ, ಕಣ್ಣು ನೋಡಿ ಹೋಳು ಮಾಡಿ, ಮುಂಗಾರಿನ ಮೊದಲ ಹದಕ್ಕೆ ನೆಡುತ್ತಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಗಡ್ಡೆ ಕೀಳುತ್ತಾರೆ.

ದೇಶದ ಬಹುಪಾಲು ಆಲೂಗಡ್ಡೆ ಚಳಿಗಾಲದ ನೀರಾವರಿ ಬೆಳೆ. ಹಾಸನದ್ದು ಮಳೆಗಾಲದ ಬೆಳೆ. ರಾಜ್ಯದ ಇಳುವರಿ ದೇಶದ ಸರಾಸರಿಗಿಂತ ಬಹಳ ಹಿಂದೆ ಬಿದ್ದದ್ದಕ್ಕೆ ಈ ವ್ಯತ್ಯಾಸ ದೊಡ್ಡ ಕಾರಣ. ಮೋಡ ಮುಸುಕಿ ಸೋನೆ ಹಿಡಿದರೆ ಅಂಗಮಾರಿ ಬಂತೆಂದೇ ಲೆಕ್ಕ. ಎಲೆಯ ತುದಿಯಲ್ಲಿ ಬಿಸಿನೀರು ಬಿದ್ದಂತೆ ಒಂದು ಮಚ್ಚೆ ಕಾಣುತ್ತದೆ. ಮುಂಜಾನೆ ಆ ಎಲೆಯನ್ನು ಮಗುಚಿ ನೋಡಿದರೆ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು. ವಾರ ಕಳೆಯುವುದರೊಳಗೆ ಹೊಲ ಸುಟ್ಟಂತಾಗಿ ಕೊಳೆತ ವಾಸನೆ ಹೊಡೆಯುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡ ಕ್ಷಾಮಕ್ಕೆ ಇದೇ ರೋಗ ಕಾರಣ. ಜ್ಯೋತಿ ಬಂದ ಹೊಸದರಲ್ಲಿ ಅಂಗಮಾರಿಯನ್ನು ತಡೆದುಕೊಳ್ಳುತ್ತಿತ್ತು. ರೋಗಾಣು ಬದಲಾಗುತ್ತ ಹೋಯಿತು, ತಳಿಯ ಬಲ ಸೋತಿತು. ಹೋದ ಶತಮಾನದ ಕೊನೆಯವರೆಗೂ ಹಾಸನದ ಹೆಮ್ಮೆಯಾಗಿದ್ದ ಬೆಳೆಯನ್ನು ಈಚಿನ ದಶಕಗಳಲ್ಲಿ ಅಲ್ಲಿನ ರೈತರು ಬಿಟ್ಟು ಮುಸುಕಿನ ಜೋಳದ ಕಡೆ ಹೊರಳಿದ್ದರ ಹಿಂದೆ ಈ ಸೋಲಿದೆ.

ಮಲೆನಾಡಿಗೆ ಈ ವೈರಿ ತೀರಾ ಅಪರಿಚಿತನಲ್ಲ. ಅಡಿಕೆಯ ಕೊಳೆರೋಗ ಮತ್ತು ಆಲೂಗಡ್ಡೆಯ ಅಂಗಮಾರಿ ಎರಡೂ ಫೈಟಾಫ್ತೊರಾ ಎಂಬ ಒಂದೇ ಕುಲದ ರೋಗಾಣುಗಳಿಂದ ಬರುವಂಥವು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಗಳಿಗೆ ಕಲಿಸಿದರು. ಮಳೆಗೆ ಮುಂಚೆ ಅಡಿಕೆಗೊನೆಗೆ ಔಷಧಿ ಹೊಡೆಯುವ ಕೈಗೆ ಆಲೂಗಡ್ಡೆಯ ಅಂಗಮಾರಿಯ ನಡೆ ತಾನಾಗಿಯೇ ಅರ್ಥವಾಗುತ್ತದೆ.

ಹೀಗೆ ವೈರಿಯ ಪರಿಚಯವಿದ್ದರೂ ಮಲೆನಾಡಿನ ಅಂಚಿನ ಭದ್ರಾವತಿಯ ಸುತ್ತ ಆಲೂಗಡ್ಡೆ ಹೊಲದ ಬೆಳೆಯಾಗಿ ಬೇರೂರಲಿಲ್ಲ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನ ರೂಪ ಬದಲಾಯಿಸಿದ್ದು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್.  ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡಾಗ ನಾಲೆಯ ನೀರು ಬತ್ತ, ಕಬ್ಬು, ತೆಂಗು, ಅಡಿಕೆಯ ಪಾಲಾಯಿತು. ಹವೆಯೂ ಆಲೂಗಡ್ಡೆಯ ಪರವಾಗಿಲ್ಲ. ಹಾಸನ 900 ಮೀಟರಿಗೂ ಮೇಲಿದ್ದರೆ ಭದ್ರಾವತಿ 600 ಮೀಟರ್ ಆಸುಪಾಸು. ಗಡ್ಡೆ ಕಟ್ಟಲು ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿರಬೇಕು. ಇಲ್ಲಿ ಆ ತಂಪು ಸಿಗುವುದು ದೀಪಾವಳಿ ಕಳೆದು ಶಿವರಾತ್ರಿಯವರೆಗಿನ ಸುಮಾರು ನಾಲ್ಕು ತಿಂಗಳಲ್ಲಿ ಮಾತ್ರ.

ಆ ನಾಲ್ಕು ತಿಂಗಳು ಒಂದು ಹಿತ್ತಲಿಗೆ ಸಾಕು. ಹೊಸದಾಗಿ ಕಿತ್ತ ಗಡ್ಡೆ ಎರಡು ತಿಂಗಳಷ್ಟು ಕಾಲ ಮೊಳೆಯದೆ ನಿದ್ದೆಯಲ್ಲಿರುತ್ತದೆ. ಹಾಸನದಲ್ಲಿ ಸೆಪ್ಟೆಂಬರಿನಲ್ಲಿ ಕಿತ್ತದ್ದು ನವೆಂಬರಿಗೆ ಕಣ್ಣು ಬಿಟ್ಟಿರುತ್ತದೆ, ಇಲ್ಲಿನ ನಾಟಿಗೆ ಸರಿಯಾದ ಸಮಯಕ್ಕೆ. ಸಂತೆಯ ಗಡ್ಡೆಗಿಂತ ಪ್ರಮಾಣಿತ ಬಿತ್ತನೆಯೇ ಮೇಲು. ಕೋಳಿಮೊಟ್ಟೆ ಗಾತ್ರದ್ದಾದರೆ ಇಡಿಯಾಗಿ ನೆಡಬಹುದು. ಕೊಯ್ದು ನೆಡುವುದಾದರೆ ಗಾಯ ಆರಿ ಹೊಪ್ಪಳೆ ಕಟ್ಟುವವರೆಗೆ ನೆರಳಲ್ಲಿಡಬೇಕು, ಇಲ್ಲದಿದ್ದರೆ ಹಸಿ ಮಣ್ಣಿನಲ್ಲಿ ಕೊಳೆಯುತ್ತದೆ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿಯಷ್ಟು ಅಂತರ, ಧಾರಾಳವಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣು ಏರಿಸುವುದು ಮುಖ್ಯ: ಗಡ್ಡೆ ಕಟ್ಟುವುದು ಬೇರಿನಲ್ಲಲ್ಲ, ಮಣ್ಣೊಳಗೆ ಹರಿಯುವ ಕಾಂಡದ ತುದಿಯಲ್ಲಿ. ಬಿಸಿಲು ತಾಗಿದ ಗಡ್ಡೆ ಹಸಿರಾಗಿ ಸೊಲನಿನ್ ಎಂಬ ವಿಷ ತುಂಬಿಕೊಳ್ಳುತ್ತದೆ. ಬದನೆ, ಟೊಮೆಟೊ, ಮೆಣಸಿನಕಾಯಿ ಇದ್ದ ಪಾತಿಯನ್ನು ಬಿಡಬೇಕು. ಅವೆಲ್ಲ ಒಂದೇ ಕುಟುಂಬದವು, ದುಂಡಾಣು ಸೊರಗುರೋಗ ಆ ಮಣ್ಣಿನಲ್ಲಿ ಕಾದು ಕೂತಿರುತ್ತದೆ. ಹೆಕ್ಟೇರಿಗೆ 20 ಟನ್ ಇಳುವರಿಯ ಲೆಕ್ಕ ಹಿಡಿದರೆ 100 ಚದರ ಅಡಿಯ ಪಾತಿಗೆ ಸುಮಾರು 18 ಕಿಲೋ. ಅದಕ್ಕೆ ಬೇಕಾದ ಬಿತ್ತನೆ ಎರಡು ಕಿಲೋ.

ಬಿತ್ತನೆಗಾಗಿ ಪಂಜಾಬನ್ನೇ ನೆಚ್ಚುವ ಸ್ಥಿತಿ ತಪ್ಪಿಸುವ ಕೆಲಸ ಹಾಸನದಲ್ಲೇ ನಡೆದಿದೆ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ, ಅಂಗಾಂಶ ಕೃಷಿಯ ತಾಯಿಗಿಡದ ಕುಡಿಗಳನ್ನು ಬೇರು ಬರಿಸಿ ಸಸಿಯಾಗಿ ನೆಡುವ ಕ್ರಮವನ್ನು ರೈತರಿಗೆ ತಲುಪಿಸಿತು. 2006ರ ‘ಕುಫ್ರಿ ಹಿಮಾಲಿನಿ’ಯಂಥ, ಅಂಗಮಾರಿಯನ್ನು ಜ್ಯೋತಿಗಿಂತ ಚೆನ್ನಾಗಿ ತಾಳುವ ತಳಿಗಳಿಗೆ ಇದು ಹತ್ತಿರದ ದಾರಿ. ಟೊಮೆಟೊ ಸಸಿಯಂತೆ ನೆಡಬಹುದಾದ್ದರಿಂದ ಸಣ್ಣ ಕೈತೋಟಕ್ಕೂ ಹೊಂದುತ್ತದೆ. ಹಿತ್ತಲಲ್ಲಿ ಫೆಬ್ರವರಿಗೆ ಕಿತ್ತ ಗಡ್ಡೆಯನ್ನೇ ಮುಂದಿನ ನವೆಂಬರಿಗೆ ಬಿತ್ತನೆಯಾಗಿ ಇಟ್ಟುಕೊಳ್ಳುವುದು ಮಾತ್ರ ಇಲ್ಲಿ ಕೈಗೂಡುವುದಿಲ್ಲ. ಶೀತಲಗೃಹವಿಲ್ಲದೆ ಭದ್ರಾವತಿಯ ಏಪ್ರಿಲ್ ಸೆಕೆಗೆ ಅದು ಮೊಳೆತು, ಮಳೆಗಾಲಕ್ಕೆ ಸುಕ್ಕುಗಟ್ಟಿ ಹೋಗುತ್ತದೆ. ಪ್ರತಿವರ್ಷವೂ ಹೊಸ ಬಿತ್ತನೆ ಹೊರಗಿನಿಂದಲೇ ಬರಬೇಕು.